ನಿಧಾನಕ್ಕೆ ಹೋದರೆ ಸಾಯುವ ಕಾರು

ವೋಲ್ಟ್ ಅಳೆಯುವ ಮೀಟರು ಹಿಡಿಯದೆ ಒಂದು ತಂತಿಯನ್ನೂ ಮುಟ್ಟುತ್ತಿರಲಿಲ್ಲವಾದ್ದರಿಂದ ಬೀದಿಯವರೆಲ್ಲ ಅವಳನ್ನು ಮೀಟರಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಮೋಟಾರ್ ಕಾರ್ಖಾನೆಯೊಂದರಲ್ಲಿ ತಾಮ್ರದ ತಂತಿ ಸುತ್ತಿದವಳು. ಕಾರ್ಖಾನೆಗೆ ಬೀಗ ಬಿದ್ದಾಗ ಅಳುತ್ತಾ ಕೂರಲಿಲ್ಲ. ಮನೆಯ ಮುಂದಿನ ಜಾಗಕ್ಕೆ ತಗಡು ಹೊದಿಸಿ, ವಾಹನಗಳ ವೈರಿಂಗ್ ರಿಪೇರಿಗೆ ನಿಂತಳು. "ಹೆಂಗಸು ಕಾರಿನೊಳಗೆ ತಲೆ ಹಾಕ್ತಾಳಂತೆ" ಎಂದು ಮೂಗು ಮುರಿದವರೇ ಎಂಟು ವರ್ಷಗಳಲ್ಲಿ ಅವಳ ಶೆಡ್ಡಿನ ಮುಂದೆ ಸಾಲು ನಿಲ್ಲುವಂತಾಯಿತು. ಅವಳ ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು, ಬಂದ ಪ್ರತಿ ವಾಹನಕ್ಕೂ ಒಂದು ಮಾತು ಅನ್ನದೆ ಬಿಡುತ್ತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬೀದಿಯ ತುದಿಯಲ್ಲಿ ಗುಡುಗಿನಂಥ ಸದ್ದು ಕೇಳಿಸಿತು. ಕೆಂಪು ಬಣ್ಣದ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಕಾರೊಂದು ಉರುಳಿಕೊಂಡು ಬಂತು. ಮೈ ಅಜ್ಜನ ಕಾಲದ್ದು, ಒಳಗಿನ ಎಂಜಿನ್ ಮಾತ್ರ ಲಾರಿಗೆ ಸಾಲುವಷ್ಟು ದೊಡ್ಡದು. ಎಂಜಿನ್ನಿನ ಮೇಲೆ ಮುಚ್ಚಳವೇ ಇಲ್ಲ.

"ಅಯ್ಯೋ, ಹೊಟ್ಟೆ ಕರುಳೆಲ್ಲ ಹೊರಗೇ ಇದೆಯಲ್ಲೇ! ಇದಕ್ಕೆ ನಾಚಿಕೆ ಬೇಡ್ವಾ?" ಎಂದರು ಅತ್ತೆ.

ಇಳಿದವನು ಮೂರು ಬೀದಿಯಾಚೆಯ ಬಡಗಿ, ಅರವತ್ತು ದಾಟಿದವನು. ಹನ್ನೊಂದು ವರ್ಷ ಬಿಡುವಿನಲ್ಲೆಲ್ಲ ಕೂತು ಹಳೇ ಮೈಗೆ ಭಾರಿ ಎಂಜಿನ್ ಕೂರಿಸಿದ ಆ 'ಹಾಟ್ ರಾಡ್' ಕಾರನ್ನು ಕೈಯಾರೆ ಕಟ್ಟಿದ್ದ. ಮರ, ತಗಡು, ಬಣ್ಣ ಎಲ್ಲ ಅವನಿಗೆ ಕರತಲಾಮಲಕ. ಕರೆಂಟು ಎಂದರೆ ಮಾತ್ರ ಹತ್ತಡಿ ದೂರ.

"ತಂಗಿ, ಮೂರು ಗಂಟೆಗೆ ಹಳೇ ವಾಹನಗಳ ಮೆರವಣಿಗೆ ಇದೆ. ಹೋದ ವರ್ಷ ಮುಖ್ಯ ಬೀದಿಯ ತಿರುವಿನಲ್ಲೇ ನಿಂತುಬಿಡ್ತು. ಬ್ಯಾಂಡಿನವರು ಬಾರಿಸೋದು ಬಿಟ್ಟು ತಳ್ಳಿದ್ರು! ನನ್ನ ಮಾನ ಉಳಿಸಮ್ಮ," ಎಂದ.

"ಯಾರ್ಯಾರು ರಿಪೇರಿ ಮಾಡಿ ನೋಡಿದ್ರು, ಅಣ್ಣ?"

"ಮೂರು ಜನ. ಎರಡು ಸಲ ಬ್ಯಾಟರಿ ಬದಲಾಯ್ತು, ಒಂದು ಸಲ ಆಲ್ಟರ್ನೇಟರೇ ಬದಲಾಯ್ತು. ಅವರ ಶೆಡ್ಡಿನಲ್ಲಿ ಮೀಟರು ಸರಿಯಾಗಿ ಹದಿನಾಲ್ಕು ವೋಲ್ಟ್ ತೋರಿಸುತ್ತೆ. ಮನೆಗೆ ಬಂದ್ರೆ ಬ್ಯಾಟರಿ ಸತ್ತಿರುತ್ತೆ. ನನ್ನ ಕೈಗುಣವೇ ಸರಿಯಿಲ್ಲ ಅಂತಾರೆ!"

ಮೀಟರಕ್ಕನ ಕಿವಿ ನೆಟ್ಟಗಾದವು. ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬುವುದು ಆಲ್ಟರ್ನೇಟರಿನ ಕೆಲಸ. ಅದು ಬೇರೆಯವರ ಮನೆಯಲ್ಲಿ ದುಡಿದು, ಯಜಮಾನನ ಮನೆಯಲ್ಲಿ ಮಲಗುವುದೆಂದರೇನು? ಅವಳು ಸೆರಗು ಸಿಕ್ಕಿಸಿ ಕೆಲಸಕ್ಕಿಳಿದಳು.

ಎಂಜಿನ್ ನಿಂತಿದ್ದಾಗ ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟ್. ಚಾಲೂ ಮಾಡಿಸಿದಳು. ಹದಿನಾಲ್ಕರವರೆಗೆ ಏರಬೇಕಾದದ್ದು ಹನ್ನೆರಡಕ್ಕೆ ಇಳಿಯಿತು. ಹೊಸ ಬಣ್ಣ ಬಳಿದ ಕಾರಿನಲ್ಲಿ ಬಣ್ಣ ಅಡ್ಡ ಬಂದು, ಕರೆಂಟು ತಗಡಿನ ಮೂಲಕ ಹಿಂದಿರುಗುವ ಅರ್ಥಿಂಗ್ ಸಿಗದೆ ಹೋಗುವುದುಂಟು ಎಂದು ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯವರೆಗೆ ಅಳೆದಳು. ಅಲ್ಲಿ ಕೊರತೆಯಿಲ್ಲ. ಬ್ಯಾಟರಿಗೆ ಹೋಗುವ ದಪ್ಪ ತಂತಿ, ಬೆಲ್ಟು, ಎಲ್ಲವೂ ಗಟ್ಟಿ. ಹನ್ನೊಂದು ಗಂಟೆಯಾಯಿತು. ಬೆವರು ಹುಬ್ಬಿನಿಂದ ಇಳಿಯತೊಡಗಿತು. ಮೂರು ಜನ ಕೈಚೆಲ್ಲಿದ ಕೇಸಿನಲ್ಲಿ ತಾನು ನಾಲ್ಕನೆಯವಳಾಗುತ್ತೇನೋ ಎಂದುಕೊಳ್ಳುತ್ತಾ ಬಡಗಿಯತ್ತ ತಿರುಗಿದಳು.

"ಅಣ್ಣ, ಅವರ ಶೆಡ್ಡಿನಲ್ಲಿ ಗಾಡಿ ಹೇಗೆ ಚಾಲೂ ಮಾಡ್ತಿದ್ರು?"

"ಹುಡುಗುಬುದ್ಧಿಯವರು! ಆಕ್ಸಿಲರೇಟರ್ ಒತ್ತಿದ್ರೆ ಕಾಲು ತೆಗೆಯೋದೇ ಇಲ್ಲ. ನಾನು ಮಗು ತೂಗಿದ ಹಾಗೆ ಓಡಿಸ್ತೀನಿ."

"ಒಂದು ಸಲ ಅವರ ಹಾಗೇ ಒತ್ತಿ!"

ಬಡಗಿ ಕಣ್ಣು ಮುಚ್ಚಿಕೊಂಡು ಒತ್ತಿದ. ಎಂಜಿನ್ ಘರ್ಜಿಸಿತು. ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. ಮೀಟರು ಹನ್ನೆರಡರಿಂದ ಹದಿನಾಲ್ಕಕ್ಕೆ ಹಾರಿತು!

"ಸಿಕ್ತು! ಕಾಯಿಲೆಯ ಬಾಲ ಇಲ್ಲೇ ಇದೆ!" ಎಂದು ಅವಳು ಕೂಗಿದಳು. ಆಲ್ಟರ್ನೇಟರು ಸತ್ತಿರಲಿಲ್ಲ, ಏಳುತ್ತಿರಲಿಲ್ಲ ಅಷ್ಟೆ. ಎಂಜಿನ್ ಚಾಲೂ ಆದಾಗ ಅದನ್ನು ಎಬ್ಬಿಸಲು ಒಂದು ತೆಳು ತಂತಿಯಲ್ಲಿ ಚೂರು ಕರೆಂಟು ಬರಬೇಕು. ಅದು ಬಾರದಿದ್ದರೆ ಜೋರಾಗಿ ತಿರುಗಿಸಿ ಗದರಿದಾಗ ಮಾತ್ರ ಏಳುತ್ತದೆ. ಮೆಲ್ಲಗೆ ಓಡಿಸುವ ಬಡಗಿಯ ಕೈಯಲ್ಲಿ ದಿನವಿಡೀ ನಿದ್ದೆ!

ಎಂಜಿನ್ ಆರಿಸಿ ಮತ್ತೆ ಮೆಲ್ಲಗೆ ಚಾಲೂ ಮಾಡಿಸಿದಳು. ಬ್ಯಾಟರಿಯಿಂದ ಒಂದು ಬಲ್ಬಿನ ಮೂಲಕ ಆ ತೆಳು ತಂತಿಯ ತುದಿಗೆ ಕರೆಂಟು ಮುಟ್ಟಿಸಿದಳು. ಬಲ್ಬು ಮಿನುಗಿ ಆರಿತು. ಮೀಟರಿನಲ್ಲಿ ಹದಿನಾಲ್ಕು.

ಇನ್ನು ಆ ತಂತಿಯ ಜಾಡು ಹಿಡಿಯುವುದಷ್ಟೇ ಉಳಿದಿತ್ತು. ತಂತಿ ಸ್ಟಿಯರಿಂಗಿನ ಹಿಂದಿನ ಹಲಗೆಯತ್ತ ಹೋಗಿ, ಮುತ್ತಿನಂಥ ಒಂದು ನೀಲಿ ದೀಪದಲ್ಲಿ ಕೊನೆಗೊಂಡಿತ್ತು.

"ಇದೇನಣ್ಣ?"

"ಚಂದ ಅಲ್ವಾ? ಮೊದಲು ಒಂದು ಮಂಕು ಬಲ್ಬಿತ್ತು. ನಮ್ಮವಳು ಎಲ್‌ಇಡಿ ತಂದು ಹಾಕ್ಸಿದ್ಲು. ಗಾಡಿ ಓಡುವಾಗಲೂ ಫಳಫಳ ಅಂತಿರುತ್ತೆ."

"ಓಡುವಾಗ ಅದು ಆರಬೇಕು, ಅಣ್ಣ! ಚಾರ್ಜ್ ಆಗ್ತಿಲ್ಲ ಅಂತ ವರ್ಷದಿಂದ ಬಾಯಿ ಬಡ್ಕೊಳ್ತಿದೆ ಅದು!"

ಬಡಗಿ ಬೆಪ್ಪಾದ. "ನಾನು ಅಲಂಕಾರ ಅಂದ್ಕೊಂಡಿದ್ನಲ್ಲಮ್ಮ!"

ಆಲ್ಟರ್ನೇಟರನ್ನು ಎಬ್ಬಿಸುವ ಕರೆಂಟು ಆ ದೀಪದ ಮೂಲಕವೇ ಹಾಯಬೇಕಿತ್ತು. ಎಲ್‌ಇಡಿ ದೀಪ ಬಿಡುವ ಕರೆಂಟು ಅದಕ್ಕೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅವಳು ಡಬ್ಬಿಯಿಂದ ಒಳಗೆ ತಂತಿ ಉರಿಯುವ ಹಳೆಯ ಬಲ್ಬೊಂದನ್ನು ತೆಗೆದು ಕೂರಿಸಿದಳು. ಕೀಲಿ ತಿರುಗಿಸಿದಾಗ ಬಲ್ಬು ಹಳದಿಯಾಗಿ ಹತ್ತಿತು. ಎಂಜಿನ್ ಮೆಲ್ಲಗೆ ಚಾಲೂ ಆಯಿತು, ಬಲ್ಬು ಆರಿತು, ಮೀಟರು ಹದಿನಾಲ್ಕು ದಾಟಿತು. ಅವಳು ಹೆಡ್‌ಲೈಟು, ಹಾರ್ನು ಎಲ್ಲ ಹಾಕಿಸಿದಳು. ಮೀಟರು ಹದಿಮೂರೂವರೆಯ ಕೆಳಗೆ ಇಳಿಯಲೇ ಇಲ್ಲ. ಐವತ್ತೆರಡರ ಹೆಂಗಸು ಶೆಡ್ಡಿನಲ್ಲೇ ಒಂದು ಕುಣಿತ ಹಾಕಿಬಿಟ್ಟಳು!

"ಊಟ ಮಾಡಿ ಕುಣಿಯೇ, ಗಂಟೆ ಒಂದಾಯ್ತು," ಎಂದರು ಅತ್ತೆ. ಅವರ ಮುಖದಲ್ಲೂ ನಗು ತುಂಬಿತ್ತು.

ಬಡಗಿ ಮಾತ್ರ ಅವಳನ್ನು ಬಿಡಲೊಲ್ಲ. "ಪಕ್ಕದಲ್ಲಿ ನೀನು ಕೂರದಿದ್ರೆ ನಾನು ಹೋಗೋದೇ ಇಲ್ಲ, ತಂಗಿ!" ಎಂದು ಪಟ್ಟು ಹಿಡಿದ. ಅವಳು ಮೀಟರನ್ನು ಮಡಿಲಲ್ಲಿಟ್ಟುಕೊಂಡು ಹತ್ತಿದಳು. ಮೆರವಣಿಗೆ ಆಮೆಯ ನಡಿಗೆಯಲ್ಲಿ ಸಾಗಿತು. ಮುಖ್ಯ ಬೀದಿಯ ತಿರುವು ಬಂದಾಗ ಬಡಗಿ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದ. ಹೋದ ವರ್ಷ ಕಾರು ತಳ್ಳಿದ್ದ ಬ್ಯಾಂಡಿನವರು ಕೊಂಬು ಕೆಳಗಿಳಿಸಿ, ತಳ್ಳಲು ಸಿದ್ಧರಾಗಿ ನೋಡುತ್ತಿದ್ದರು.

"ಎಷ್ಟಿದೆ?" ಎಂದ ಬಡಗಿ, ತುಟಿ ಅಲ್ಲಾಡಿಸದೆ.

"ಹದಿನಾಲ್ಕು. ಮುಂದೆ ನೋಡಿ ಓಡಿಸಿ!"

ಕಾರು ತಿರುವು ದಾಟಿತು. ಬ್ಯಾಂಡಿನವರು ಹೋ ಎಂದು ಕೂಗಿ ಎರಡು ಪಟ್ಟು ಜೋರಾಗಿ ಊದಿದರು. ಬಡಗಿ ಕಣ್ಣೊರೆಸಿಕೊಳ್ಳಲು ಸ್ಟಿಯರಿಂಗೇ ಬಿಟ್ಟ. ಅವಳು ಕೈಚಾಚಿ ಹಿಡಿದುಕೊಂಡು, "ಅಣ್ಣ, ವೈರಿಂಗ್ ಸರಿ ಮಾಡಿದ್ದೀನಿ, ಯಾರದೋ ಗೋಡೆಗೆ ಗುದ್ದಿದ್ರೆ ಅದನ್ನ ಕಟ್ಟಿಕೊಡೋಕೆ ನನ್ನಿಂದ ಆಗಲ್ಲ!" ಎಂದು ಗದರಿದಳು.

ಮೆರವಣಿಗೆ ಮುಗಿದ ಮೈದಾನದಲ್ಲಿ ಅವನು ಇಳಿದು ಅವಳ ಕಡೆಯ ಬಾಗಿಲು ತೆರೆದ. "ಒಂದು ಸುತ್ತು ನೀನೇ ಹೊಡಿ."

ನೂರಾರು ವಾಹನ ರಿಪೇರಿ ಮಾಡಿದವಳು, ಶೆಡ್ಡಿನಿಂದ ಬೀದಿಯಾಚೆಗೆ ಒಂದನ್ನೂ ಓಡಿಸಿದವಳಲ್ಲ. ಮೀಟರನ್ನು ಅವನ ಕೈಗಿತ್ತು, ಸ್ಟಿಯರಿಂಗಿನ ಹಿಂದೆ ಸೀಟು ಮುಂದಕ್ಕೆಳೆದು ಕೂತಳು. ಮೊದಲು ಮೆಲ್ಲಗೆ ಹೊರಟಳು. ಅರ್ಧ ಮೈದಾನ ದಾಟಿದ ಮೇಲೆ ತಡೆಯಲಾಗಲಿಲ್ಲ. ಆ ಹುಡುಗುಬುದ್ಧಿಯವರಂತೆಯೇ ಆಕ್ಸಿಲರೇಟರ್ ಒತ್ತಿಬಿಟ್ಟಳು.