ಮಿಸ್ತ್ರಿ ಮಲಗಿ ಆರಿಸಿದ ನೆಲ

ಶಿವಪುತ್ರಪ್ಪ ಮಿಸ್ತ್ರಿಯವರ ಹಣೆಯ ಮೇಲೆ ಬೆಳಿಗ್ಗೆ ವಿಭೂತಿಯ ಮೂರು ಬಿಳಿ ಗೆರೆಗಳಿರುತ್ತಿದ್ದವು. ಮಧ್ಯಾಹ್ನವಾಗುವಷ್ಟರಲ್ಲಿ ಅವುಗಳ ಕೆಳಗೆ ಗ್ರೀಸಿನ ಮೂರು ಕರಿ ಗೆರೆಗಳೂ ಬಂದು ಸೇರುತ್ತಿದ್ದವು. ವಿಚಾರ ಮಾಡುವಾಗ ಮೂರು ಬೆರಳಿನಿಂದ ಹಣೆ ಉಜ್ಜಿಕೊಳ್ಳುವುದು ಅವರ ಚಟ. ಕರಿ ಗೆರೆ ಎಷ್ಟು ದಟ್ಟವೋ, ಬಿಚ್ಚಿಟ್ಟ ಎಂಜಿನ್ನಿನ ರೋಗವೂ ಅಷ್ಟೇ ಜೋರು ಎಂದು ನಾವು ಓಣಿಯವರು ತಿಳಿದುಕೊಳ್ಳುತ್ತಿದ್ದೆವು. ಯಾವುದೋ ಗೇರ್ ಬಾಕ್ಸ್ ಕೈಕೊಟ್ಟ ದಿನ ಅವರ ಮುಖದಲ್ಲಿ ಹುಬ್ಬು ಯಾವುದು, ಗ್ರೀಸು ಯಾವುದು ಎಂದು ಗೊತ್ತಾಗದೆ, ನನ್ನ ಸ್ಕೂಟರಿನ ಬ್ರೇಕಿನ ವಿಷಯ ಬಾಯಿಬಿಡದೆ ವಾಪಸು ಬಂದದ್ದೂ ಉಂಟು.

ಆಗ ನಾನು ಅಣ್ಣಿಗೇರಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಹಾಗಾಗಿ ಓಣಿಗೆಲ್ಲ ನಾನು ‘ಅಕ್ಕೋರು’. ನನ್ನದು ಬಾಡಿಗೆ ಮನೆ. ಪಕ್ಕದಲ್ಲೇ ಮಿಸ್ತ್ರಿಯವರ ಸ್ವಂತ ಮನೆ, ಅದಕ್ಕೆ ಹತ್ತಿಕೊಂಡ ತಗಡಿನ ಶೆಡ್ಡೇ ಅವರ ಗ್ಯಾರೇಜು. ಸುತ್ತಲಿನ ಹಳ್ಳಿಗಳ ಟ್ರ್ಯಾಕ್ಟರುಗಳೆಲ್ಲ ಕೆಮ್ಮುತ್ತ ಅಲ್ಲಿಗೇ ಬರುತ್ತಿದ್ದವು. ಮನುಷ್ಯರ ಜೊತೆ ಮಿಸ್ತ್ರಿಯವರದು ಬಹಳ ಮರ್ಯಾದೆಯ ಮಾತು. ಚಿಕ್ಕವರು ದೊಡ್ಡವರು ಎನ್ನದೆ ಮನೆಯಾಚೆಯ ಎಲ್ಲರಿಗೂ ‘ರಿ’ ಹಚ್ಚುವವರು. ಟ್ರ್ಯಾಕ್ಟರಿನ ಕೆಳಗೆ ಹೊಕ್ಕರೆ ಮಾತ್ರ ಮುಗಿಯಿತು. “ಲೇ, ಸಡ್ಲಾಗಲೇ. ನಿಮ್ಮಪ್ಪ ಕೂಡ್ಸಿದ ಬೋಲ್ಟೇನಲೇ ಇದು? ಮುಂಜಾನಿಂದ ಕೈಕಾಲ ಹಿಡಕೊಳ್ಳಾಕತ್ತೀನಿ, ಸೊಕ್ಕ ನೋಡ ಇದರದ!” ನನ್ನ ಅವ್ವ ಮೊದಲ ಸಲ ಬಂದಾಗ ಗಾಬರಿಬಿದ್ದು, “ಬಾಜು ಮನ್ಯಾಗ ಯಾರನ್ನೋ ಬಡ್ಯಾಕತ್ತಾರ, ಹೋಗಿ ಬಿಡಸ ಹೋಗ” ಎಂದಿದ್ದಳು. ಅದು ಮನುಷ್ಯ ಅಲ್ಲವ್ವ, ಹೈಡ್ರಾಲಿಕ್ ಪಂಪು ಎಂದು ನಾನು ಅವಳಿಗೆ ಸಮಾಧಾನ ಹೇಳಬೇಕಾಯಿತು.

ಈ ಯುದ್ಧವೆಲ್ಲ ನಡೆಯುತ್ತಿದ್ದದ್ದು ಎರೆಮಣ್ಣಿನ ನೆಲದ ಮೇಲೆ. ನಮ್ಮ ಕಡೆಯ ಎರೆ ಬೇಸಿಗೆಯಲ್ಲಿ ಬಿರಿದು ನಟ್ಟು ಬೋಲ್ಟು ನುಂಗುತ್ತದೆ, ಮಳೆಗಾಲದಲ್ಲಿ ಚಪ್ಪಲಿ ನುಂಗುತ್ತದೆ. ಅದರ ಮೇಲೊಂದು ಗೋಣಿಚೀಲ ಹಾಸಿ, ಅಂಗಾತ ಮಲಗಿ ಮಿಸ್ತ್ರಿಯವರು ಆಯುಷ್ಯವೆಲ್ಲ ದುಡಿದಿದ್ದರು. ಒಂದು ಮಳೆಗಾಲ ಅವರ ನಡ ಹಿಡಿದುಕೊಂಡುಬಿಟ್ಟಿತು. ಟ್ರ್ಯಾಕ್ಟರಿನ ಕೆಳಗಿನಿಂದ ಅವರನ್ನು ಕಾಲು ಹಿಡಿದು ಎಳೆಯಬೇಕಾಯಿತು. ಗದಗಿನ ಡಾಕ್ಟರು, ಇನ್ನೊಮ್ಮೆ ಹಸಿ ನೆಲದ ಮೇಲೆ ಮಲಗಿದರೆ ಏಳುವ ಆಸೆ ಬಿಡಿ, ಸುಮ್ಮನೆ ಕೆಲಸ ನಿಲ್ಲಿಸಿ ಆರಾಮ ಇರಿ ಎಂದರು.

ಆರಾಮ ಎಂಬ ಶಬ್ದ ಕೇಳಿ ಮಿಸ್ತ್ರಿಯವರು ಹೆದರಿದಷ್ಟು ನಡುನೋವಿಗೂ ಹೆದರಿರಲಿಲ್ಲ. “ಕೆಲಸಾ ಬಿಟ್ಟು ನಾ ಏನ ಮಾಡ್ಲಿ ಅಕ್ಕೋರ? ಗುಡಿ ಕಟ್ಟಿ ಮ್ಯಾಲ ಕುಂತು ಮಂದಿ ಸೊಸ್ತೇರ ಸುದ್ದಿ ಹೇಳ್ಲೇನು?” ಎಂದು ನನ್ನನ್ನು ಕೇಳಿದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ದಾರಿ ತೆಗೆದವರು ಅವರ ಹೆಂಡತಿ ನೀಲವ್ವ. ಇನ್ನು ಮಣ್ಣಿನ ಮೇಲೆ ಮಲಗುವುದಿಲ್ಲ ಎಂದು ಗಂಡನಿಂದ ಲಿಂಗ ಮುಟ್ಟಿಸಿ ಆಣೆ ಮಾಡಿಸಿದರು. “ಶೆಡ್ಡಿಗೆ ಗಟ್ಟಿ ನೆಲಾ ಹಾಕಸೂಣು. ಆಮ್ಯಾಲ ಅದರ ಮ್ಯಾಲ ದಿನಾಪೂರ್ತಿ ಹೊಳ್ಳ್ಯಾಡ್ರಿ, ಯಾರ ಬ್ಯಾಡಂತಾರ?” ಸಿಮೆಂಟು ಸಾಲದೇ ಎಂದು ನಾನು ನಡುವೆ ಬಾಯಿ ಹಾಕಿದೆ. ಸಿಮೆಂಟು ಎಣ್ಣೆ ಕುಡಿಯುತ್ತದೆ, ಧೂಳು ಬಿಡುತ್ತದೆ, ಆ ಧೂಳು ನೇರ ತಮ್ಮ ಅಡಿಗೆಮನೆಗೆ ಬರುತ್ತದೆ ಎಂದು ನೀಲವ್ವ ನನ್ನ ಬಾಯಿ ಮುಚ್ಚಿಸಿದರು. ಟೈಲ್ಸೇ ಆಗಬೇಕೆಂದು ಠರಾವಾಯಿತು.

ಬಣ್ಣದ ಮೇಲೆ ಜಗಳ ಸುರುವಾಯಿತು. ಮಿಸ್ತ್ರಿಯವರಿಗೆ ಕರಿ ಬೇಕು. ಎಣ್ಣೆ ಬಿದ್ದರೂ ಕಾಣುವುದಿಲ್ಲ. ನೀಲವ್ವನಿಗೆ ಬಿಳಿ ಬೇಕು. ಎಣ್ಣೆ ಬಿದ್ದರೆ ಕಾಣುತ್ತದೆ. “ಕಾಣಲಿಲ್ಲಂದ್ರ ಹೊಲಸ ಇಲ್ಲಂತ ಆತೇನ್ರಿ? ಕತ್ತಲದಾಗ ಕುಂತ ಉಂಡ್ರ ಹರಳ ಬರೂದಿಲ್ಲೇನು ಬಾಯಾಗ?” ಎಂಟು ದಿನ ಗೋಡೆಯ ಈಚೆ ಕೂತು ನಾನು ಈ ವಾದ ಕೇಳಿದೆ. ಕೊನೆಗೆ ಕೆನೆ ಬಣ್ಣಕ್ಕೆ ರಾಜಿಯಾಯಿತು. ರಾಜಿ ಎನ್ನುವುದು ಮಿಸ್ತ್ರಿಯವರ ಶಬ್ದ. ನೀಲವ್ವ ಗೆದ್ದರು ಎಂದು ಇಡೀ ಓಣಿಗೆ ಗೊತ್ತಿತ್ತು.

ಹುಬ್ಬಳ್ಳಿಗೆ ಹೊರಡುವ ದಿನ ನೀಲವ್ವ ನನ್ನನ್ನು ಜೊತೆಗೆ ಅಟ್ಟಿದರು. “ನೀವ ಜೋಡಿ ಹೋಗ್ರಿ ಅಕ್ಕೋರ. ಇವ್ರನ್ನ ಒಬ್ರನ್ನ ಬಿಟ್ರ ಅಂಗಡ್ಯಾವ್ರು ಪೊಲೀಸರನ್ನ ಕರೀತಾರ.” ಬಸ್ಸಿನಲ್ಲಿ ಮಿಸ್ತ್ರಿಯವರ ತೊಡೆಯ ಮೇಲಿದ್ದ ಕೈಚೀಲ ಅನುಮಾನಾಸ್ಪದವಾಗಿ ಭಾರವಾಗಿತ್ತು. ಮೊದಲನೆಯ ಅಂಗಡಿಯಲ್ಲಿ ಅದರೊಳಗಿನದು ಬೆಳಕಿಗೆ ಬಂತು. ಅಂಗಡಿಯವನು ಕನ್ನಡಿಯಂಥ ಟೈಲ್ಸೊಂದನ್ನು ತೋರಿಸಿ, ಭಾಳ ಗಟ್ಟಿ ಮಾಲು ಎಂದದ್ದೇ ತಡ, ಇವರು ಚೀಲದಿಂದ ಬೋಲ್ಟು ಬಿಚ್ಚುವ ಮೊಣಕೈಯುದ್ದದ ಪಾನಾ ತೆಗೆದು ಎದೆಯ ಎತ್ತರದಿಂದ ಕೈಬಿಟ್ಟರು. ಟೈಲ್ಸು ಎರಡಾಯಿತು.

“ಹಿರ್ಯಾರ, ಅದು ಬಚ್ಚಲಮನಿ ಗ್ವಾಡಿಗೆ ಹಾಕೂದ್ರಿ,” ಎಂದ ಅಂಗಡಿಯವನು, ಅಳುಮುಖ ಮಾಡಿ.

“ಹೌದ್ರಿ? ಮತ್ತ ಗಟ್ಟಿ ಅಂದ್ರೆಲ್ಲ,” ಎಂದರು ಇವರು, ಅಗದಿ ಮರ್ಯಾದೆಯಿಂದ.

ಎರಡನೆಯ ಅಂಗಡಿಯಲ್ಲಿ ಪಾನಾ ಬಿದ್ದರೂ ಟೈಲ್ಸು ಒಡೆಯಲಿಲ್ಲ. ಆಗ ಚೀಲದಿಂದ ಬಾಟಲಿ ಹೊರಬಂತು. ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆ. ಒಂದಿಷ್ಟು ಸುರಿದು, ಚಹಾ ಕುಡಿದು ಬಂದು, ಒರೆಸಿ ನೋಡಿದರು. ಕಲೆ ನಿಂತಿತ್ತು, ಅದೂ ರದ್ದಾಯಿತು. ಮೂರನೆಯ ಅಂಗಡಿಯವನಿಗೆ ಫೋನಿನಲ್ಲಿ ಸುದ್ದಿ ಮೊದಲೇ ಮುಟ್ಟಿತ್ತೆಂದು ಕಾಣುತ್ತದೆ. ಮಾತಿಲ್ಲದೆ ಗೋದಾಮಿಗೆ ಕರೆದುಕೊಂಡು ಹೋಗಿ, ಕಾರು ಲಾರಿ ನಿಲ್ಲಿಸುವ ಕಡೆ ಹಾಕುವ ಒರಟು ಮೈಯ ದಪ್ಪ ಟೈಲ್ಸು ತೋರಿಸಿದ. ತಳದವರೆಗೂ ಒಂದೇ ಬಣ್ಣ, ಹಾಗಾಗಿ ಗೀರಿದರೂ ಗೊತ್ತಾಗದು. ಪಾನಾ ಪುಟಿಯಿತು. ಎಣ್ಣೆ ಒರೆಸಿದರೆ ಹೋಯಿತು. ಅದರ ಮೇಲೆ ಹಸಿಗಾಲಿಟ್ಟರೂ ಜಾರಲಿಲ್ಲ. ನನಗೆ ಕೆಲಸ ಮುಗಿಯಿತು ಎನ್ನಿಸಿತು. ಆದರೆ ಮಿಸ್ತ್ರಿಯವರು ಟೈಲ್ಸುಗಳನ್ನು ನೆಲದ ಮೇಲೆ ಜೋಡಿಸಿ ಹಾಸಲು ಹೇಳಿ, ಅಂಗಿ ಸರಿಮಾಡಿಕೊಂಡು, ಅವುಗಳ ಮೇಲೆ ಅಂಗಾತ ಮಲಗಿಬಿಟ್ಟರು. ಕಣ್ಣು ಬೇರೆ ಮುಚ್ಚಿಕೊಂಡರು.

ಮನೆಗೆ ಟೈಲ್ಸು ಆರಿಸಲು ಬಂದಿದ್ದ ಹೆಣ್ಣುಮಗಳೊಬ್ಬಳು “ಅಯ್ಯೋ, ಅಜ್ಜಾರಿಗೆ ಏನೋ ಆತು” ಎಂದು ಚೀರಿದಳು. ಯಾರೋ ನೀರು ತಂದರು, ಯಾರೋ ಅಂಗಾಲು ತಿಕ್ಕಿದರು, ಒಬ್ಬ ಈರುಳ್ಳಿ ತರಲು ಓಡಿದ. ಮಿಸ್ತ್ರಿಯವರು ಒಂದೇ ಕಣ್ಣು ತೆರೆದು, “ಸ್ವಲ್ಪ ಸುಮ್ಕಿರ್ರಿ. ಜೀವನಾ ಎಲ್ಲಾ ಮಕ್ಕೊಳ್ಳೂ ನೆಲಾ, ಮಕ್ಕೊಂಡ ನೋಡಬಾರದೇನ್ರಿ?” ಎಂದರು. ನಾನು ಗೋಡೆಯ ಕಡೆ ಮುಖ ಮಾಡಿ, ಇವರು ಯಾರೋ ನನಗೆ ಗೊತ್ತೇ ಇಲ್ಲ ಎನ್ನುವಂತೆ ನಿಂತುಕೊಂಡೆ. ಸ್ವಲ್ಪ ಹೊತ್ತಿಗೆ ಅವರು ಎದ್ದು ಕುಳಿತು, “ನಡಾ ಏನೂ ಅನ್ನಲಿಲ್ರಿ. ಇದ ಇರ್ಲಿ” ಎಂದರು.

ಹಾಸುವಾಗಲೂ ಇದೇ ಕಥೆ. ಎರೆಮಣ್ಣು ಉಬ್ಬಿ ಕುಗ್ಗಿದರೆ ಟೈಲ್ಸು ನಿಲ್ಲುವುದಿಲ್ಲವೆಂದು ಅದನ್ನು ಆಳಕ್ಕೆ ತೋಡಿ ತೆಗೆಸಿದರು, ಗರಸು ತುಂಬಿಸಿ ಕುಟ್ಟಿಸಿದರು, ಕಾಂಕ್ರೀಟು ಹಾಕಿಸಿದರು. ಹಾಸಿದ ಒಂದೊಂದು ಟೈಲ್ಸನ್ನೂ ಕಟ್ಟಿಗೆಯ ಹಿಡಿಕೆಯಿಂದ ತಟ್ಟಿ, ಕಿವಿ ಹಚ್ಚಿ ಕೇಳಿ, ಪೊಳ್ಳು ದನಿ ಬಂದರೆ ಕೀಳಿಸಿದರು. ಟೈಲ್ಸು ಹಾಸುವ ಗೌಂಡಿ ನನ್ನ ಹತ್ತಿರ ಬಂದು, “ಅಕ್ಕೋರ, ನನ್ನ ಮಗಳಿಗೆ ವರಾ ನೋಡೂಮುಂದ ಸುದ್ಧಾ ನಾ ಇಷ್ಟ ತಪಾಸ ಮಾಡಿಲ್ರಿ” ಎಂದ.

ನೆಲ ಮಾತ್ರ ಏನು ಚಂದವಾಯಿತು ಎನ್ನುತ್ತೀರಿ! ಮೊದಲ ದಿನ ಮೊರಬದ ಹನುಮಪ್ಪ ಟ್ರ್ಯಾಕ್ಟರ್ ತಂದ. ಶೆಡ್ಡಿನ ಮುಂದೆ ನಿಲ್ಲಿಸಿ, ಇಳಿದು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒಳಗೆ ಬಂದು ಸುತ್ತ ನೋಡಿದ.

“ಟ್ರ್ಯಾಕ್ಟರ್ ಒಳಗ ತಗೊಂಬರ್ರಿ,” ಎಂದರು ಮಿಸ್ತ್ರಿ.

“ಏ, ಬ್ಯಾಡ್ರಿ. ಗಾಲಿ ತುಂಬ ಹೊಲದ ರಾಡಿ ಐತಿ. ನಮ್ಮನಿ ದೇವರ ಖೋಲಿ ಸುದ್ಧಾ ಇಷ್ಟ ಚಂದಿಲ್ಲ. ಹೊರಗ ಮಾಡ್ರಿ.”

ಹೊರಗೆ ಮಾಡಬೇಕೆಂದರೆ ರಾಡಿಯಲ್ಲಿ ಮಲಗಬೇಕು. ಮಲಗಬಾರದೆಂದು ಲಿಂಗ ಮುಟ್ಟಿದ ಆಣೆ ಇದೆ. ಹನುಮಪ್ಪ ಗದಗ ರೋಡಿನ ಬೇರೆ ಗ್ಯಾರೇಜಿಗೆ ಹೋದ. ಅವನ ಹಿಂದೆ ಬಂದವರೂ ಹಾಗೇ ಮಾಡಿದರು. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಬಂದು, ಚಕ್ಕಳಮಕ್ಕಳ ಹಾಕಿ ಕೂತು, ಚಹಾ ಕುಡಿದು, ನೆಲವನ್ನು ಹೊಗಳಿ, ಟ್ರ್ಯಾಕ್ಟರನ್ನು ಬೇರೆ ಕಡೆ ಒಯ್ದರು. ಹಿಂದಿನ ಓಣಿಯ ಹೆಂಗಸರು ಜೋಳ ಹಸನು ಮಾಡಲು ಬಂದು ಕೂತರು. ಒಬ್ಬರು ಬಸುರಿ ಮಗಳ ಕುಬಸದ ಊಟಕ್ಕೆ ಗ್ಯಾರೇಜು ಕೇಳಿಕೊಂಡು ಬಂದರು.

ಮಿಸ್ತ್ರಿಯವರು ನನ್ನಿಂದ ಒಂದು ಬೋರ್ಡು ಬರೆಸಿದರು: ‘ಇದು ಗ್ಯಾರೇಜು. ಚಪ್ಪಲಿ ಬಿಡಬಾರದು. ಟ್ರ್ಯಾಕ್ಟರ್ ಒಳಗೆ ತರತಕ್ಕದ್ದು.’ ಜನ ನಿಂತು ಪೂರ್ತಿ ಓದಿದರು, ಚಪ್ಪಲಿ ಬಿಟ್ಟರು, ಒಳಗೆ ಬಂದು ಅಕ್ಕೋರ ಅಕ್ಷರ ಅಗದಿ ಮುತ್ತಿನಂಗ ಅದಾವು ಎಂದು ಹೋದರು. ನನ್ನ ಕನ್ನಡಕ್ಕೆ ಇಷ್ಟು ದೊಡ್ಡ ಸೋಲು ಶಾಲೆಯಲ್ಲೂ ಆಗಿರಲಿಲ್ಲ.

ನಗುವ ಮಾತೇ ಸರಿ, ಆದರೆ ದಿನ ಕಳೆದಂತೆ ನಗು ಬರುವುದು ನಿಂತಿತು. ಮಿಸ್ತ್ರಿಯವರು ಇಸ್ತ್ರಿ ಅಂಗಿ ಹಾಕಿಕೊಂಡು ಆ ನೆಲದ ನಡುವೆ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಗೋಡೆಯಾಚೆಯಿಂದ ಒಂದು ಬೈಗುಳ ಇಲ್ಲ. ಒಂದು ದಿನ ಬೆಳಿಗ್ಗೆ ನೋಡಿದರೆ, ತಮ್ಮದೇ ಗ್ಯಾರೇಜಿನ ಬಾಗಿಲಲ್ಲಿ ಅವರೂ ಚಪ್ಪಲಿ ಬಿಡುತ್ತಿದ್ದರು. ಅದನ್ನು ಮನೆಯ ಬಾಗಿಲಲ್ಲಿ ನಿಂತಿದ್ದ ನೀಲವ್ವನೂ ನೋಡಿದರು.

ಆ ಹೊತ್ತಿಗೆ ಸರಿಯಾಗಿ ಹನುಮಪ್ಪ ಗದಗ ರೋಡಿನ ಕಡೆ ಹೊರಟವನು, ಮಾತಾಡಿಸಿ ಹೋಗೋಣವೆಂದು ಟ್ರ್ಯಾಕ್ಟರ್ ನಿಲ್ಲಿಸಿದ. ಕ್ಲಚ್ಚು ಹಿಡಿಯುತ್ತಿಲ್ಲವಂತೆ. ಒಳಗೆ ತನ್ನಿರಿ ಎಂದು ಮಿಸ್ತ್ರಿಯವರು ಕರೆದರು. ಆ ಕರೆಯುವಿಕೆಯಲ್ಲಿ ಜೀವವೇ ಇರಲಿಲ್ಲ. “ಇರ್ಲಿ ಬಿಡ್ರಿ, ಇಷ್ಟ ಛಲೋ ನೆಲಾ,” ಎಂದ ಹನುಮಪ್ಪ.

ನೀಲವ್ವ ಸೆರಗು ಸಿಕ್ಕಿಸಿಕೊಂಡು ಬಂದರು. ಮೂಲೆಯಲ್ಲಿದ್ದ ಕರಿ ಎಣ್ಣೆಯ ಡಬ್ಬಿಯನ್ನು ಎತ್ತಿ, ದಿನಾ ಎರಡು ಹೊತ್ತು ತಾವೇ ಒರೆಸುತ್ತಿದ್ದ ಆ ಕೆನೆಬಣ್ಣದ ನೆಲದ ನಟ್ಟನಡುವೆ ಬೋರಲು ಮಾಡಿದರು. ಎಣ್ಣೆ ಗುಳುಗುಳು ಎನ್ನುತ್ತ ಹರಡಿಕೊಂಡಿತು.

“ಏನ ಮಾಡಿದಿ ಬೇ?” ಎಂದರು ಮಿಸ್ತ್ರಿ, ಕುರ್ಚಿಯಿಂದ ಅರ್ಧ ಎದ್ದು.

“ಗ್ಯಾರೇಜ ಮಾಡೀನ್ರಿ. ಇಲ್ಲೀತನಕಾ ಪಡಸಾಲಿ ಆಗಿತ್ತು.” ಆಮೇಲೆ ಹೊರಗೆ ತಿರುಗಿ, “ಹನುಮಪ್ಪ, ಈಗರೆ ತರ್ತೀಯೋ, ಇನ್ನೊಂದ ಡಬ್ಬಿ ತರ್ಲೋ?”

ಹನುಮಪ್ಪ ಚಪ್ಪಲಿ ಹಾಕಿಕೊಂಡೇ ತಂದ. ದೊಡ್ಡ ಗಾಲಿಗಳಿಂದ ಮಣ್ಣಿನ ಹೆಂಟೆಗಳು ಉದುರಿ ಹೊಸ ನೆಲದ ಮೇಲೆ ಬಿದ್ದವು. ಟೈಲ್ಸು ಒಂದೂ ಮಿಸುಕಲಿಲ್ಲ. ಮಿಸ್ತ್ರಿಯವರು ಇಸ್ತ್ರಿ ಅಂಗಿಯಲ್ಲೇ ಟ್ರ್ಯಾಕ್ಟರಿನ ಕೆಳಗೆ ಹೊಕ್ಕರು. ಆಮೇಲೆ ಒಳಗಿನಿಂದ, “ಲೇ, ಎಲ್ಲಿಗೆ ಹೋಗಿದ್ದಿಲೇ ಇಷ್ಟ ದಿನಾ, ಯಾರ ಕಡೆ ಹಾಳ ಮಾಡ್ಕೊಂಡ ಬಂದೀಲೇ?” ಎಂದು ಕೇಳಿಸಿತು. ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ಶಾಲೆಗೆ ತಡವಾದದ್ದರ ಎಚ್ಚರವೂ ಉಳಿಯಲಿಲ್ಲ.

ಆಮೇಲೆ ಟ್ರ್ಯಾಕ್ಟರುಗಳು ಮತ್ತೆ ಸಾಲುಗಟ್ಟಿದವು. ವರ್ಷಾನಂತರ ನನಗೆ ಕಲಘಟಗಿ ಕಡೆ ವರ್ಗವಾಯಿತು. ಹೇಳಿಹೋಗಲು ಬಂದಾಗ ಮಿಸ್ತ್ರಿಯವರು ಕೆಳಗೇ ಇದ್ದರು. ಕೈಯಲ್ಲಿ ಭಾರದ ಸಾಮಾನು ಹಿಡಿದಿದ್ದರಿಂದ ಹೊರಗೆ ಬರುವಂತಿರಲಿಲ್ಲ. ನಾನೇ ಸೀರೆಯ ನೆರಿಗೆ ಸಾವರಿಸಿಕೊಂಡು ನೆಲಕ್ಕೆ ಕೆನ್ನೆ ಹಚ್ಚಿ ಬಗ್ಗಿ ನೋಡಿದೆ. “ಹೋಗಿ ಬರ್ರಿ ಅಕ್ಕೋರ. ಅಲ್ಲಿ ಸ್ಕೂಟರ್ ಯಾರ ಕೈಯಾಗೂ ಕೊಡಬ್ಯಾಡ್ರಿ, ನನ್ನ ಕಡೆ ತಗೊಂಡ ಬರ್ರಿ,” ಎಂದರು. ನಾನು ಅವರ ಮುಖ ನೋಡಿದ್ದು ಅದೇ ಕೊನೆ.

ಮೊನ್ನೆ ಮುಂಗಾರಿನ ಮೊದಲಿಗೆ ನೀಲವ್ವ ಫೋನು ಮಾಡಿದರು. “ಮುಂಜಾನಿ ಕೆಲಸಾ ಮಾಡಿದ್ರು. ಚಹಾಕ್ಕಂತ ಎದ್ದ ಬಂದು ಕಟ್ಟಿ ಮ್ಯಾಲ ಕುಂತ್ರು, ಕುಂತವ್ರು ಹಂಗ ಹೊಳ್ಳಿಬಿಟ್ರು, ಮತ್ತ ಏಳಲಿಲ್ಲ. ಡಾಕ್ಟರ್ ಕೆಲಸಾ ಬಿಡಸಂದಿದ್ರು, ನಾ ಬಿಡಸಲಿಲ್ಲ ಅಕ್ಕೋರ.” ಆಮೇಲೆ ಹೇಳಿದರು: “ಅವ್ರು ಬಿಚ್ಚಿದ ಟ್ರ್ಯಾಕ್ಟರ್ ಅರ್ಧಾ ಹಂಗ ನಿಂತೈತ್ರಿ ಒಳಗ. ಬಿತ್ತಿಗಿ ಬಂತು, ಪಾಪ ಟ್ರ್ಯಾಕ್ಟರಿನವ್ರಿಗೂ ಬೇಕಲ್ಲ. ನಿಮ್ಮ ಕಡೆ ಯಾರರೆ ಛಲೋ ಮಿಸ್ತ್ರಿ ಇದ್ರ ಹೇಳ್ರಿ.”

ಕೇಳಿ ಹೇಳುತ್ತೇನೆ ಎಂದೆ. ನನಗೆ ಗೊತ್ತಿದ್ದ ಮಿಸ್ತ್ರಿ ಒಬ್ಬರೇ ಇದ್ದರು.