ಮೆತ್ತಗೆ ಬ್ರೇಕ್ ಒತ್ತುವ ಕಾಲು

ಅವನನ್ನು ಎಲ್ಲರೂ ತೊಟ್ಟಿಲು ಅಂತಲೇ ಕರೆಯುತ್ತಿದ್ದರು. ಅವನು ಬಸ್ ನಿಲ್ಲಿಸಿದರೆ ಮಡಿಲಲ್ಲಿ ಮಲಗಿದ ಮಗು ಏಳುತ್ತಿರಲಿಲ್ಲ. ಕಂಡಕ್ಟರ್ ಕಂಬ ಹಿಡಿಯದೆಯೇ ಟಿಕೆಟ್ ಹರಿಯುತ್ತಿದ್ದ. ಇಬ್ಬರೂ ಒಂದೇ ಬಸ್ಸಿನಲ್ಲಿ ತಲೆ ನರೆಸಿಕೊಂಡವರು.

ವಯಸ್ಸಾದ ಡ್ರೈವರುಗಳ ಕಾಲು ಪರೀಕ್ಷೆ ಆಗಲೇಬೇಕು, ಪಾಸಾಗದವರಿಗೆ ಸ್ಟೀರಿಂಗ್ ಇಲ್ಲ ಎಂದು ಮಾಲೀಕರು ಹೇಳಿದಾಗ ತೊಟ್ಟಿಲು ನಕ್ಕುಬಿಟ್ಟ. "ನನ್ನ ಕಾಲಿಗೇನು ಧಾಡಿ?" ಅಂದ. ಆದರೂ ಕಂಡಕ್ಟರನ್ನು ಜೊತೆಗೆ ಕರೆದುಕೊಂಡೇ ಹೋದ.

ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಒಂದು ಕುರ್ಚಿ, ಅದರೆದುರು ತಟ್ಟೆಯಷ್ಟಗಲದ ಪೆಡಲ್, ಪಕ್ಕದಲ್ಲಿ ಕಂಪ್ಯೂಟರ್ ಪರದೆ. ವ್ಯಾಯಾಮ ಮಾಡಿಸುವ ಹುಡುಗಿ ಮೊದಲು ಪೆಡಲಿನ ಭಾರವನ್ನು ಕಾಲಿನಿಂದ ನಿಧಾನವಾಗಿ ತಳ್ಳಿಸಿದಳು. ತಳ್ಳಿದ.

"ಬಲ ಚೆನ್ನಾಗಿದೆ ತಾತ. ಈಗ ಎಷ್ಟು ಬೇಗ ಆಗತ್ತೋ ಅಷ್ಟು ಬೇಗ, ಜೋರಾಗಿ ಒದೀರಿ."

ಒದ್ದ. ಪರದೆಯಲ್ಲಿ ಗುಡ್ಡವಾಗಿ ಏಳಬೇಕಿದ್ದ ಗೆರೆ ಸಣ್ಣ ದಿಬ್ಬವಾಗಿ ಮಲಗಿತು.

"ಬಲ ಇದ್ರೆ ಸಾಲದು ತಾತ, ಅದು ತಟ್ಟನೆ ಬರಬೇಕು. ವಯಸ್ಸಾದ ಹಾಗೆ ಮೊದಲು ಹೋಗೋದೇ ಅದು."

ಕಂಡಕ್ಟರ್ ಸುಮ್ಮನಿರಲಿಲ್ಲ. "ಅಮ್ಮಾ, ಇವನು ಹುಟ್ಟಿದಾಗಿಂದ ಪೆಡಲ್ ಒದ್ದವನೇ ಅಲ್ಲ. ಹೂವಿನ ಮೇಲೆ ಇಟ್ಟಂಗೆ ಕಾಲಿಡ್ತಾನೆ. ಅಭ್ಯಾಸಬಲ ಅದು, ಇನ್ನೊಂದ್ಸಲ ನೋಡಿ. ಲೋ, ಮಾಲೀಕನ ಮುಖ ನೆನೆಸ್ಕೊಂಡು ಒದಿಯೋ!"

ಮೂವರೂ ನಕ್ಕರು. ಹುಡುಗಿಗೂ ಮಾತು ಸರಿಯೆನಿಸಿತು. ಸ್ವಲ್ಪ ಸುಧಾರಿಸಿಕೊಳ್ಳಲು ಬಿಟ್ಟಳು. ತೊಟ್ಟಿಲು ಹಲ್ಲು ಕಚ್ಚಿ, ಕುರ್ಚಿಯ ಹಿಡಿ ಕಿತ್ತುಬರುವಂತೆ ಹಿಡಿದು ಒದ್ದ. ಕುತ್ತಿಗೆಯ ನರ ಉಬ್ಬಿತು. ದಿಬ್ಬ ಮೊದಲಿಗಿಂತಲೂ ತಗ್ಗಾಗಿತ್ತು.

"ವ್ಯಾಯಾಮ ಮಾಡಿದ್ರೆ ವಾಪಸ್ ಬರತ್ತಾ ಮಗಳೇ?"

"ಸ್ವಲ್ಪ ಬರತ್ತೆ ತಾತ."

"ಬಸ್ಸಿಗೆ ಸಾಕಾಗೋಷ್ಟು?"

ಅವಳು ಬಗ್ಗಿ ಅವನ ಪಾದವನ್ನು ಪೆಡಲಿಗೆ ಬಿಗಿದಿದ್ದ ಪಟ್ಟಿ ಬಿಚ್ಚತೊಡಗಿದಳು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ತೊಟ್ಟಿಲು ನಿಂತ. "ಸ್ಕೂಲ್ ಹತ್ರ ಅವತ್ತು ನಾಯಿ ಅಡ್ಡ ಬಂತಲ್ಲ, ಅದು ಉಳಿದದ್ದು ನಾನು ಬ್ರೇಕ್ ಹಾಕಿದ್ದಕ್ಕಲ್ಲ ಕಣೋ. ಅದೇ ಓಡ್ತು."

ಕಂಡಕ್ಟರ್ ಅವನ ತೋಳು ಹಿಡಿದು ಉಳಿದ ಮೆಟ್ಟಿಲು ಇಳಿಸಿದ.

ತೊಟ್ಟಿಲು ಬಸ್ ಓಡಿಸುವುದು ಬಿಟ್ಟ ಮೇಲೆ ಅವನ ಹೆಂಡತಿ ಗೋಡೆಗೊತ್ತಿ ಕುರ್ಚಿ ಹಾಕಿಕೊಟ್ಟಳು. ಕೈ ಊರದೆ ಏಳುವುದು, ಕೂರುವುದು. ನಿಷ್ಠೆಯಿಂದ ಮಾಡಿದ. ಆದರೆ ಬಚ್ಚಲಲ್ಲಿ ಜಾರಿದ ದಿನ, ಇನ್ನೊಂದು ಕಾಲನ್ನು ಮುಂದಿಟ್ಟು ಸಾವರಿಸಿಕೊಳ್ಳುವಷ್ಟರಲ್ಲಿ ಬಿದ್ದಾಗಿತ್ತು. ಸೊಂಟ ಮುರಿಯಿತು. ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿತು.

ಕೊನೆಯ ಸಂಜೆ ಕಂಡಕ್ಟರ್ ಅವನ ಕಾಲ ಬಳಿ ಕೂತು ಬಲಪಾದಕ್ಕೆ ಅಂಗೈ ಒಡ್ಡಿದ. "ಒತ್ತೋ ತೊಟ್ಟಿಲು. ಮೆತ್ತಗೇ ಒತ್ತು, ಸಾಕು."

"ಒತ್ತಿದ್ರಾ?" ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು.

"ಹ್ಞೂಂ ಅತ್ತಿಗೆ," ಅಂದ ಕಂಡಕ್ಟರ್. ಅಂಗೈಗೆ ತಿಳಿಯುತ್ತಿದ್ದದ್ದು ಪಾದದ ತಣ್ಣನೆಯ ಭಾರವೊಂದೇ.