ಸಮುದ್ರ ಕುಡಿಯುವ ಗಡ್ಡ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಟಕ ಕಂಪನಿಯ ಹಿಂದಿನ ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಯ ಮೇಲೆ ಸಾಲಾಗಿ ಗಡ್ಡಗಳು ನೇತಾಡುತ್ತಿವೆ. ಕೋಪಿಷ್ಠ ಋಷಿಯದು, ಶಾಂತ ಋಷಿಯದು, ಒಂದೇ ಒಂದು ಮಾತಾಡಿ ಒಳಗೆ ಹೋಗುವ ಋಷಿಯದು. ಎಲ್ಲಕ್ಕಿಂತ ಕೊನೆಯಲ್ಲಿ, ಎರಡು ಕ್ಲಿಪ್ಪು ಹಾಕಿಸಿಕೊಂಡು ಗತ್ತಿನಿಂದ ತೂಗುತ್ತಿರುವುದು ಅಗಸ್ತ್ಯರ ಗಡ್ಡ. ಅದರ ಮುಂದೆ ನಿಂತ ಹೆಂಗಸು ಬಾಚಣಿಗೆ ಹಿಡಿದು ತುದಿಯಿಂದ ಸಿಕ್ಕು ಬಿಡಿಸುತ್ತಿದ್ದಾರೆ.

“ಜೋರಾಗಿ ಎಳೆದ್ರೆ ಮುನಿಗಳಿಗೆ ನೋವಾಗತ್ತೆ” ಎಂದು, ಅವರ ಕೆಲಸ ನೋಡಲು ಬಂದ ನನಗೆ ಹೇಳುತ್ತಾರೆ. ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

ಕಂಪನಿಯಲ್ಲಿ ಎಲ್ಲರಿಗೂ ಇವರು ಗಡ್ಡದಕ್ಕ. ಕಂಪನಿಯ ಯಜಮಾನರೂ ಹಾಗೇ ಕರೆಯುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಹರಿದ ಗಡ್ಡವೊಂದನ್ನು ಹೊಲಿದುಕೊಟ್ಟಿದ್ದೇ ನೆಪ, ಅಂದಿನಿಂದ ಈ ಕಂಪನಿಯ ಯಾವ ಋಷಿಯೂ ಇವರ ಕೈ ದಾಟದೆ ರಂಗಕ್ಕೆ ಹೋಗಿಲ್ಲ. ತೆಳುವಾದ ಬಲೆಬಟ್ಟೆಗೆ ಒಂದೊಂದೇ ಕೂದಲು ಗಂಟು ಹಾಕುವ ಕೆಲಸ. ಕಣ್ಣೂ ಕುತ್ತಿಗೆಯೂ ಸೋತಿವೆ. ಬೆರಳು ಮಾತ್ರ ಇನ್ನೂ ಮಾತು ಕೇಳುತ್ತಿವೆ.

ಅಗಸ್ತ್ಯರ ಪಾತ್ರ ಗಂಡನದೇ. ಪುರಾಣದ ಅಗಸ್ತ್ಯರು ಕೊಡದಲ್ಲಿ ಹುಟ್ಟಿದ ಕುಳ್ಳ ಮುನಿ. ಈ ಮನುಷ್ಯ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರುವವರಲ್ಲ. “ಇವರನ್ನ ಕೊಡದಲ್ಲಿ ಹಾಕ್ಬೇಕು ಅಂದ್ರೆ ಎರಡು ಸಲ ಮಡಚಬೇಕು” ಎಂದು ಹೆಂಡತಿ ಛೇಡಿಸುತ್ತಾರೆ. ಅದಕ್ಕೇ ಅಗಸ್ತ್ಯರು ಇಲ್ಲಿ ಇಡೀ ದೃಶ್ಯ ಕುಳಿತೇ ಇರುತ್ತಾರೆ.

ಕೆಲಸದ ಮೇಜಿನ ಮೇಲಿನ ಗೋಡೆಗೆ ಎರಡು ಚಿತ್ರ ಅಂಟಿಸಿದ್ದಾರೆ. ಒಂದು ಹಳೆಯ ಶಿಲಾಮೂರ್ತಿಯ ಫೋಟೋ, ಇನ್ನೊಂದು ಬಣ್ಣದಲ್ಲಿ ಅಚ್ಚಾದ ಚಿತ್ರ. “ಕಲ್ಲಿನವರಿಗೆ ಹೊಟ್ಟೆ ದಪ್ಪ, ಗಡ್ಡ ಗಿಡ್ಡ. ಬಣ್ಣದವರಿಗೆ ಹೊಟ್ಟೇನೇ ಇಲ್ಲ, ಗಡ್ಡ ಮಾತ್ರ ಉದ್ದ. ನಾನು ಅವರ ಹೊಟ್ಟೆ ತಗೊಂಡೆ, ಇವರ ಗಡ್ಡ ತಗೊಂಡೆ. ನನಗೆ ಎರಡೂ ಬೇಕಾಗಿತ್ತು.”

ಯಾಕೆ ಬೇಕಾಗಿತ್ತು ಎನ್ನುವುದರಲ್ಲೇ ಇವರ ಜಾಣ್ಮೆ ಇದೆ. ರಾಕ್ಷಸರು ಸಮುದ್ರದಲ್ಲಿ ಅಡಗಿ ಲೋಕವನ್ನು ಕಾಡುತ್ತಾರೆ, ದೇವತೆಗಳು ಮೊರೆಯಿಡುತ್ತಾರೆ, ಅಗಸ್ತ್ಯರು ಇಡೀ ಸಮುದ್ರವನ್ನೇ ಬೊಗಸೆಯಲ್ಲೆತ್ತಿ ಕುಡಿದುಬಿಡುತ್ತಾರೆ. ಇದು ಕಥೆ. ರಂಗದಲ್ಲಿ ಸಮುದ್ರವೆಂದರೆ ಉದ್ದನೆಯ ತೆಳು ನೀಲಿ ಬಟ್ಟೆ. ಮುನಿ ಅದರ ತುದಿಯನ್ನು ಬಾಯಿಗೆ ತರುತ್ತಾರೆ. ಮೀಸೆಯ ಕೆಳಗೆ, ಗಡ್ಡದೊಳಗೆ ಒಂದು ಸೀಳು. ಬಟ್ಟೆ ಅಲ್ಲಿ ನುಗ್ಗಿ, ಕಟ್ಟಿದ ಹೊಟ್ಟೆಯ ಹಿಂದಿನಿಂದ ಇಳಿದು, ಪೀಠದ ತೂತಿನಲ್ಲಿ ಮಾಯ. ಪೀಠ ಒಳಗೆ ಟೊಳ್ಳು. ಅದರಲ್ಲಿ ಮುದುಡಿ ಕುಳಿತು ಬಟ್ಟೆ ಎಳೆಯುವವರು ಗಡ್ಡದಕ್ಕ. ಅಸಲಿಗೆ ಸಮುದ್ರ ಕುಡಿಯುವವರು ಇವರೇ.

ಆದರೆ ಕಳೆದ ವಾರ ಎಡವಟ್ಟಾಗಿದೆ. ಹೊಳೆಯಲಿ ಎಂಬ ಆಸೆಯಿಂದ ಇವರು ಸಮುದ್ರಕ್ಕೆ ಗಂಜಿ ಹಾಕಿದ್ದಾರೆ. ಗರಿಗರಿಯಾದ ಬಟ್ಟೆ ಅರ್ಧದಲ್ಲೇ ಸಿಕ್ಕಿಕೊಂಡಿದೆ. ಇವರು ಎಳೆದಷ್ಟೂ ಗಂಡನ ತಲೆ ಬಗ್ಗಿದೆ. ಬಾಯಿಂದ ಅರ್ಧ ಸಮುದ್ರ ಜೋತಾಡಿಸಿಕೊಂಡೇ ಅವರು, “ದೇವತೆಗಳೇ, ಉಳಿದದ್ದನ್ನು ನಾಳೆ ಕುಡಿಯುತ್ತೇನೆ” ಎಂದು ಹೇಗೋ ಸಂಭಾಳಿಸಿದ್ದಾರೆ. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿದೆ.

“ತಪ್ಪು ನಂದು, ನಗು ಅವರ ಪಾಲಿಗೆ” ಎನ್ನುವಾಗ ಅಕ್ಕನ ಬಾಚಣಿಗೆ ನಿಲ್ಲುತ್ತದೆ. ಇವತ್ತೂ ಸಿಕ್ಕಿಕೊಂಡರೆ ಮುಂದೆ ಸಮುದ್ರವನ್ನು ಪರದೆಯ ಮೇಲೆ ತೋರಿಸುವುದೆಂದು ಯಜಮಾನರು ಹೇಳಿಯಾಗಿದೆ. ಆಗ ಟೊಳ್ಳು ಪೀಠವೂ ಬೇಡ, ಒಳಗೆ ಕೂರುವವರೂ ಬೇಡ. “ಗಡ್ಡ ಕಟ್ಟೋ ಕೆಲಸ ಇದ್ದೇ ಇರತ್ತೆ. ಆದ್ರೆ ನಾವಿಬ್ರೂ ಸೇರಿ ಮಾಡೋ ಪಾತ್ರ ಅದೊಂದೇ ಅಲ್ವಾ.”

ವಾರವಿಡೀ ಅಕ್ಕ ಗಡ್ಡದ ಸೀಳು ಬಿಚ್ಚಿ, ಒಳಗೆ ನುಣುಪಾದ ಬಟ್ಟೆ ಕೊಟ್ಟು ಹೊಲಿದಿದ್ದಾರೆ. ಗಂಜಿ ಪೂರ್ತಿ ಬಿಡುವ ತನಕ ಸಮುದ್ರವನ್ನು ಒಗೆದಿದ್ದಾರೆ. ಸೀಳು ಸರಿಯಾಯಿತೇ ಎಂದು ನೋಡಲು ಗಂಡ ತಿಂಡಿಗೂ ಗಡ್ಡ ಕಟ್ಟಿಕೊಂಡೇ ಕೂರಬೇಕಾಗಿದೆ. “ನಮ್ಮನೇಲಿ ಋಷಿಗೆ ಬೆಲೆ ಇಲ್ಲ, ಗಡ್ಡಕ್ಕಿದೆ” ಎಂದು ಅವರು ನನ್ನ ಹತ್ತಿರ ದೂರು ಹೇಳುತ್ತಾರೆ.

ಸಂಜೆ ನಾನು ಮುಂದಿನ ಸಾಲಿನಲ್ಲಿದ್ದೇನೆ. ನೀಲಿ ಬಟ್ಟೆ ಅಲೆಯಾಗಿ ಏಳುತ್ತಿದೆ. ಅಗಸ್ತ್ಯರು ಬೊಗಸೆಯೆತ್ತಿ ಬಾಯಿಗೆ ತರುತ್ತಾರೆ, ಸಮುದ್ರ ಹೊರಡುತ್ತದೆ. ಅರ್ಧಕ್ಕೆ ಬಂದಾಗ ಒಂದು ಕ್ಷಣ ನಿಲ್ಲುತ್ತದೆ. ಹಿಂದೆ ಯಾರೋ ಕಿಸಕ್ಕೆನ್ನುತ್ತಾರೆ. ಮುನಿ ಹಿಮ್ಮಡಿಯಿಂದ ಪೀಠವನ್ನು ಮೆಲ್ಲಗೆ ತಟ್ಟುತ್ತಾರೆ. ಬಟ್ಟೆ ಮತ್ತೆ ಸರಿಯುತ್ತದೆ, ಸರಿಯುತ್ತಲೇ ಇರುತ್ತದೆ, ಕೊನೆಯ ಅಂಚೂ ಮೀಸೆಯ ಕೆಳಗೆ ಇಲ್ಲವಾಗುತ್ತದೆ. ಒಳಗುಟ್ಟೆಲ್ಲ ಗೊತ್ತಿದ್ದೂ ನಾನು ಬಾಯಿ ಬಿಟ್ಟುಕೊಂಡು ಕುಳಿತಿದ್ದೇನೆ. ಚಪ್ಪಾಳೆ ಆಮೇಲೆ ಶುರುವಾಗುತ್ತದೆ.

ಪರದೆ ಬಿದ್ದ ಮೇಲೆ ಪೀಠದ ಹಿಂಬಾಗಿಲು ತೆಗೆದರೆ, ಇಡೀ ಸಮುದ್ರವನ್ನು ಮಡಿಲಲ್ಲಿಟ್ಟುಕೊಂಡು ಅಕ್ಕ ಬೆವರುತ್ತಾ ಕುಳಿತಿದ್ದಾರೆ. “ಪರದೆ ಮೇಲಿನ ಸಮುದ್ರ ಬೇಡ ಬಿಡಿ, ಗಡ್ಡದಕ್ಕ” ಎಂದು ಯಜಮಾನರು ಹೇಳಿ ಹೋಗುತ್ತಾರೆ. ಅಕ್ಕ ತಲೆಯಾಡಿಸಿ ನನ್ನ ಕಡೆ ತಿರುಗುತ್ತಾರೆ.

“ಎದುರಿನಿಂದ ಹೇಗೆ ಕಾಣತ್ತೆ? ನಾನು ಒಂದು ಸಲಾನೂ ನೋಡಿಲ್ಲ.”

ಕಂಡದ್ದನ್ನೆಲ್ಲ ಹೇಳುತ್ತೇನೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಾರೆ. ಗಂಡ ಇನ್ನೂ ಗಡ್ಡ ಬಿಚ್ಚಿಲ್ಲ. “ನಾಳೆ ನೀನು ಎದುರು ಕೂತು ನೋಡು” ಎನ್ನುತ್ತಾರೆ.

“ಮತ್ತೆ ಕುಡಿಯೋರ್ಯಾರು?”

ಕಥೆಯಲ್ಲಿ ದೇವತೆಗಳು ನೀರು ವಾಪಸು ಕೇಳಿದಾಗ ಅಗಸ್ತ್ಯರು ಜೀರ್ಣವಾಯಿತು ಎಂದುಬಿಡುತ್ತಾರಲ್ಲ ಎಂದು ನಾನು ನೆನಪಿಸುತ್ತೇನೆ. ಅಕ್ಕ ಮಡಿಲಲ್ಲಿರುವ ಬಟ್ಟೆಯ ಎರಡು ಮೂಲೆ ಹುಡುಕಿ ಜೋಡಿಸುತ್ತಾರೆ.

“ಅವರು ದೊಡ್ಡವರು, ಒಂದೇ ಸಲ ಕುಡಿದ್ರು, ಮುಗೀತು. ನಾನು ದಿನಾ ಕುಡೀತೀನಿ, ದಿನಾ ಒಗೆದು ವಾಪಸ್ ಕೊಡ್ತೀನಿ.”